ಚೆಕ್ಕುಬಂದಿಯಲ್ಲಿ ಸಿಕ್ಕ ಮುತ್ತಜ್ಜಿ



ದತ್ತಿ ಉಪನ್ಯಾಸವೂ ಹಿರಿಯರ ಹೆಸರು ಉಳಿಸುವ ಒಂದು ಉಪಾಯವೇ. ಮಗನೋ ಮಗಳೋ ಒಂದಿಷ್ಟು ಹಣವನ್ನು ಇಡುಗಂಟಾಗಿ ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ತಂದೆತಾಯಿಯ ಹೆಸರು ಸಭೆಯೊಂದರಲ್ಲಿ ಕೇಳಿಸುತ್ತದೆ. ಬ್ಯಾಂಕಿನ ಬಡ್ಡಿ ಇಳಿಯುತ್ತ ಬಂದು ಕೆಲವು ದತ್ತಿಗಳಲ್ಲಿ ಈಗ ಹೆಸರು ಮಾತ್ರ ಉಳಿದಿದೆ, ಕಾಫಿ ನಿಂತಿದೆ. ಇಲ್ಲಿ ಇನ್ನೂ ಎರಡೂ ಇರುವುದು ಸಂತೋಷ.

ನಾನು ಇತಿಹಾಸದ ಅಧ್ಯಾಪಕನಲ್ಲ. ನಮ್ಮ ಮನೆಯ ಒಬ್ಬ ಹೆಂಗಸಿನ ಬದುಕನ್ನು ಹುಡುಕುತ್ತ ಹೋದವನು. ನನ್ನ ತಾತನ ತಾಯಿ, ನನಗೆ ಮುತ್ತಜ್ಜಿ. ಊರು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಅವರ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ನೂರು ವರ್ಷ ಕಳೆದರೂ ಅವರ ಹೊಲದ ವಿಷಯ ಎತ್ತಿದರೆ ಎರಡು ಮನೆಯವರು ಮಾತು ಬಿಡುತ್ತಾರೆ.

ಹುಡುಕಾಟಕ್ಕೆ ಭಕ್ತಿ ಕಾರಣವಲ್ಲ, ಪರಿಹಾರದ ಹಣ ಕಾರಣ. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ನಾಲ್ಕು ಪಥಕ್ಕೆ ಅಗಲಿಸುವಾಗ ಎಷ್ಟೋ ಜನರ ತೋಟ ಹೊಲಗಳಂತೆ ನಮ್ಮ ದಾಯಾದಿಗಳ ಜಮೀನಿನ ಒಂದು ಅಂಚೂ ಹೋಯಿತು. ವಂಶವೃಕ್ಷ ತನ್ನಿ ಎಂದರು. ನಮ್ಮ ದೊಡ್ಡಪ್ಪನ ಮಗ ಹಾಳೆಯ ಮೇಲೆ ಗೆರೆ ಎಳೆದು ಬರೆದ. ಮೇಲೆ ಮುತ್ತಜ್ಜ, ಅವರ ಕೆಳಗೆ ಇಬ್ಬರು ಗಂಡುಮಕ್ಕಳು, ಅವರ ಕೆಳಗೆ ನಾವೆಲ್ಲ. ಈಗಿನ ಕಾನೂನಿನ ಭಯದಿಂದ ನಮ್ಮ ಅತ್ತೆಯರು, ತಂಗಿಯರು ಎಲ್ಲರೂ ಅದರಲ್ಲಿದ್ದರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕಕ್ಕೆ 1994ರಲ್ಲಿ ಬಂತು, ದೇಶಕ್ಕೆಲ್ಲ 2005ರಲ್ಲಿ. ಅದಕ್ಕೆ ಮುಂಚಿನ ವಂಶವೃಕ್ಷಗಳನ್ನು ನೋಡಿದರೆ ನಮ್ಮ ಮನೆತನಗಳಲ್ಲಿ ಹೆಣ್ಣು ಹುಟ್ಟುತ್ತಲೇ ಇರಲಿಲ್ಲವೇನೋ ಅನ್ನಿಸುತ್ತದೆ. ಅವನು ಬರೆದ ಹಾಳೆಯಲ್ಲಿ ಮುತ್ತಜ್ಜಿಗೆ ಜಾಗವಿರಲಿಲ್ಲ. ಕೇಳಿದ್ದಕ್ಕೆ, "ತೀರಿಕೊಂಡು ಎಷ್ಟು ಕಾಲವಾಯ್ತು, ಅವರದ್ಯಾಕೆ?" ಅಂದ. ನನಗೆ ಆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ.

ವಂಶಾವಳಿ ಕಾಯುವ ವ್ಯವಸ್ಥೆಗಳು ನಮ್ಮಲ್ಲಿ ಇಲ್ಲವೆಂದಲ್ಲ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುವ ಹೆಳವರು ಕುರುಬರು, ಲಿಂಗಾಯತರು, ಒಕ್ಕಲಿಗರು ಮುಂತಾದವರ ಮನೆ ಬಾಗಿಲಲ್ಲಿ ನಿಂತು ಆ ಮನೆಯ ಹತ್ತಾರು ತಲೆಮಾರಿನ ಹೆಸರು ಹೇಳಿ, ಮೂಲ ಯಾವ ಊರು, ಅಲ್ಲಿಂದ ಎಲ್ಲಿಗೆ ಬಂದಿರಿ ಎಂದು ವಿವರಿಸಿ, ದವಸ, ದುಡ್ಡು ಪಡೆದು ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುತ್ತಾರೆ. ಉತ್ತರ ಕರ್ನಾಟಕದಲ್ಲಿ ಇಂದಿಗೂ ಅವರು ಬರುವ ಮನೆಗಳಿವೆ. ಕಾಶಿ, ಗಯೆ, ತ್ರ್ಯಂಬಕದ ಪಂಡರ ವಹಿಗಳಲ್ಲಿ ಯಾತ್ರೆಗೆ ಹೋದವರ ಊರು, ಹೆಸರು, ಕೈಬರಹ ಸಿಗುತ್ತವೆ. ಶ್ರಾದ್ಧದ ತರ್ಪಣದಲ್ಲಿ ತಂದೆ, ತಾತ, ಮುತ್ತಾತನ ಜತೆಗೆ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರನ್ನೂ ಹೇಳಬೇಕಾದ್ದರಿಂದ ಪುರೋಹಿತರನ್ನು ಕರೆಸುವ ಮನೆಗಳಲ್ಲಿ ಮೂರು ತಲೆಮಾರಿನ ಹೆಂಗಸರ ಹೆಸರಾದರೂ ಉಳಿದಿವೆ. ಇನ್ನೂ ಹಿಂದಕ್ಕೆ ಹೋದರೆ, 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಬಂದ ಕಾಲಿನ್ ಮೆಕೆಂಜಿಯ ಸಹಾಯಕರು ಊರೂರಿನ ಶ್ಯಾನುಭೋಗರನ್ನು, ಹಿರಿಯರನ್ನು ಕೇಳಿ ಬರೆದುಕೊಂಡ ಕೈಫಿಯತ್ತುಗಳಿವೆ. ಎಂ. ಎಂ. ಕಲಬುರ್ಗಿಯವರು ಅವನ್ನು ಸಂಪಾದಿಸಿ ಪ್ರಕಟಿಸಿದ್ದಾರೆ. ಅವುಗಳಲ್ಲಿ ಪಾಳೆಯಗಾರರ ವಂಶ ಸಿಗುತ್ತದೆ, ರಾಗಿ ಬೆಳೆದವರ ವಂಶ ಸಿಗುವುದಿಲ್ಲ.

ನಮ್ಮದು ಹೆಳವರು ಬಾರದ, ಪುರೋಹಿತರು ತಿಥಿ ಮಾಡಿಸದ ಮನೆ. ಮಾರ್ಲಾಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದಷ್ಟೇ. ಆದರೆ ಎಡೆಯೂ ಒಂದು ದಾಖಲೆ. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆಗೆ ಇಡುತ್ತಾರೆ. ಮುತ್ತಜ್ಜನ ಎಡೆಗೆ ಬೀಡಿ ಕಟ್ಟು, ಮುತ್ತಜ್ಜಿಯ ಎಡೆಗೆ ಎಲೆಯಡಿಕೆ, ಒಂದು ತುಂಡು ಹೊಗೆಸೊಪ್ಪು. ಮುತ್ತಜ್ಜಿಯನ್ನು ಕಣ್ಣಲ್ಲಿ ಕಂಡವರು ಯಾರೂ ಮನೆಯಲ್ಲಿ ಉಳಿದಿಲ್ಲ. ಅವರು ಹೊಗೆಸೊಪ್ಪು ಹಾಕುತ್ತಿದ್ದರೆಂಬುದು ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ನೆನಪಾಗುತ್ತದೆ.

ಇನ್ನು ಬಾಯಿಮಾತಿನ ನೆನಪು. ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ ಕಥೆ ಹೀಗಿತ್ತು: ಮುತ್ತಜ್ಜಿ ಹುಟ್ಟಿದ್ದು ಧಾತು ಈಶ್ವರ ಬರದಲ್ಲಿ. ಮುತ್ತಜ್ಜ ಕಷ್ಟಪಟ್ಟು ದುಡಿದು ಕೆರೆ ಹಿಂದಿನ ಹೊಲ ಕೊಂಡರು. ಇಬ್ಬರು ಗಂಡುಮಕ್ಕಳು. ಮುತ್ತಜ್ಜಿ ಬಹಳ ಜೋರಿನ ಹೆಂಗಸು. ಇಷ್ಟೇ.

ಮೊದಲ ಮಾತನ್ನೇ ತೆಗೆದುಕೊಳ್ಳಿ. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳು 1876ರಿಂದ 1878ರ ತನಕ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರಲ್ಲಿ 42 ಲಕ್ಷಕ್ಕೆ ಇಳಿಯಿತು. ಬೆಳೆಯಬೇಕಾದ ಹತ್ತು ವರ್ಷದಲ್ಲಿ ಹಾಗೆ ಕುಗ್ಗಬೇಕಾದರೆ ಆ ಬರ ಎಂಥದ್ದೆಂದು ನೀವೇ ಊಹಿಸಿ. ನನ್ನ ತಾತ ಶಾಲೆಗೆ ಸೇರಿದಾಗ ಬರೆಸಿದ ಹುಟ್ಟಿದ ದಿನ 1922ರ ಜೂನ್ 1. ಜೂನ್ ಒಂದು ಎಂಬುದು ಮೇಷ್ಟರ ಕೃಪೆ. ಹಳ್ಳಿಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆಗೆದರೆ ಅರ್ಧ ಊರು ಅದೇ ದಿನ ಹುಟ್ಟಿರುತ್ತದೆ. ವರ್ಷದಲ್ಲಿ ಎರಡು ಮೂರು ಆಚೀಚೆ ಇರಬಹುದು, ಇಪ್ಪತ್ತು ಇರಲಾರದು. ಬರದಲ್ಲಿ ಹುಟ್ಟಿದ ಹೆಂಗಸಿಗೆ ಆಗ ನಲವತ್ತೈದರ ಆಸುಪಾಸು ಇರಬೇಕು, ತಾತನಿಗೆ ಇನ್ನೊಬ್ಬ ತಮ್ಮನೂ ಇದ್ದ. ಲೆಕ್ಕ ಕೂಡುವುದಿಲ್ಲ. ಬರದಲ್ಲಿ ಹುಟ್ಟಿದ್ದು ಮುತ್ತಜ್ಜಿಯ ತಾಯಿ ಇರಬೇಕು. ಅವರನ್ನು ನೆನೆಯುವವರು ಇಲ್ಲವಾದ ಮೇಲೆ ಅವರ ಹುಟ್ಟಿನ ಕಥೆ ಮಗಳಿಗೆ ಇಳಿದು ಬಂದಿದೆ. ಇದು ನಮ್ಮ ಮನೆಯ ವಿಶೇಷವಲ್ಲ. ದೊಡ್ಡ ಬರ, 1898ರ ಪ್ಲೇಗು, 1918ರ ಇನ್‌ಫ್ಲುಯೆಂಜಾ ಇವು ಊರ ನಡುವೆ ನೆಟ್ಟ ಗೂಟಗಳು. ಸುತ್ತಮುತ್ತಲಿನ ಹುಟ್ಟುಸಾವುಗಳನ್ನೆಲ್ಲ ಜನ ಅವಕ್ಕೇ ತಂದು ಕಟ್ಟುತ್ತಾರೆ. ಆದ್ದರಿಂದ ಅಜ್ಜಿಯರು ಹೇಳುವ ವರ್ಷವನ್ನು ನಂಬುವ ಮುಂಚೆ ತಲೆಮಾರನ್ನು ಒಮ್ಮೆ ತೂಗಿ ನೋಡಬೇಕು.

ಕಾಗದವೂ ಸತ್ಯ ಹೇಳಲೆಂದು ಹುಟ್ಟಿದ್ದಲ್ಲ. ಜಮೀನು ಉಳಿಸಿಕೊಳ್ಳಲು, ಸಾಲ ವಸೂಲಿಗೆ, ಕಂದಾಯ ಕಟ್ಟಿಸಿಕೊಳ್ಳಲು ಹುಟ್ಟಿದ್ದು. ಮನೆಯ ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿ ನಮಗೆ ಸಿಕ್ಕಿದ್ದು ಕಂದಾಯದ ರಸೀದಿಗಳು, ಗೆದ್ದಲು ತಿಂದ ಒಂದು ಪಾರಿಕತ್ತು ಅಂದರೆ ವಿಭಾಗಪತ್ರ, ಎರಡು ಭೋಗ್ಯಪತ್ರ, ಒಂದು ಮುಯ್ಯಿ ಪುಸ್ತಕ. ರಸೀದಿಗಳ ಮೇಲೆ ಮುತ್ತಜ್ಜನ ಹೆಸರು. ಹಳೇ ಮೈಸೂರಿನ ಕಂದಾಯದ ಕಾಗದಗಳಲ್ಲಿ ಗಂಡಸಿನ ಹೆಸರಿನ ಮುಂದೆ 'ಬಿನ್' ಎಂದು ತಂದೆಯ ಹೆಸರು, ಹೆಂಗಸಿನ ಹೆಸರಿನ ಮುಂದೆ 'ಕೋಂ' ಎಂದು ಗಂಡನ ಹೆಸರು ಬರೆಯುವ ವಾಡಿಕೆ ನಿಮಗೆ ಗೊತ್ತೇ ಇದೆ. ಆ ರಸೀದಿಗಳಲ್ಲಿ ಎಲ್ಲವೂ ಬಿನ್. ಇಂಥ ಪೆಟ್ಟಿಗೆ ತೆರೆದವರು ಸಾಮಾನ್ಯವಾಗಿ ಪಾರಿಕತ್ತು ಓದಿ ಉಳಿದದ್ದನ್ನು ಮತ್ತೆ ಕಟ್ಟಿಡುತ್ತಾರೆ. ಆಸ್ತಿ ಯಾರಿಗೆ ಎಷ್ಟು ಬಂತು ಎಂಬುದು ಅಲ್ಲಿರುತ್ತದಲ್ಲ. ನನಗೆ ದಾರಿ ತೋರಿಸಿದ್ದು ಮುಯ್ಯಿ ಪುಸ್ತಕ.

ಮುಯ್ಯಿ ಪುಸ್ತಕ ನೋಡದ ಎಳೆಯರಿಗಾಗಿ ಒಂದು ಮಾತು. ಮದುವೆಯಲ್ಲಿ ಅಕ್ಷರ ಬಲ್ಲ ಒಬ್ಬರನ್ನು ಚಪ್ಪರದ ಕೆಳಗೆ ಕೂರಿಸಿ ಯಾವ ಊರಿನ ಯಾರು ಏನು ಮುಯ್ಯಿ ಹಾಕಿದರೆಂದು ಬರೆಸುತ್ತಾರೆ. ಮುಂದೆ ಅವರ ಮನೆಯ ಮದುವೆಗೆ ಅಷ್ಟನ್ನು, ಸಾಧ್ಯವಾದರೆ ಕೊಂಚ ಹೆಚ್ಚಿಗೆ, ಹಿಂತಿರುಗಿಸಬೇಕು. ಅದು ಸಾಲದ ಲೆಕ್ಕ. ಆದ್ದರಿಂದ ಅದರಲ್ಲಿ ಯಾರೂ ಜಂಬ ಬರೆಸುವುದಿಲ್ಲ, ಯಾರನ್ನೂ ಬಿಡುವುದಿಲ್ಲ. ಒಂದು ಮನೆತನದ ನೆಂಟಸ್ತಿಕೆ ಯಾವ ಯಾವ ಊರಿಗೆ ಹಬ್ಬಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ನಾನು ಕಂಡಿಲ್ಲ.

ನಮ್ಮ ಪುಸ್ತಕದ ಮೊದಲ ಹಾಳೆಯಲ್ಲಿ ಪ್ರಭವ ಸಂವತ್ಸರ, ವೈಶಾಖ ಮಾಸ ಎಂದಿತ್ತು. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ 1867ರಲ್ಲಿ ಬಂತು, 1927ರಲ್ಲಿ ಬಂತು, 1987ರಲ್ಲಿ ಬಂತು. ಕಾಗದ, ಪೆನ್ಸಿಲು, ರೂಪಾಯಿ ಆಣೆಯ ಲೆಕ್ಕ ನೋಡಿದರೆ ಇದು 1927ರದ್ದೇ. ಮದುವಣಗಿತ್ತಿಯ ಹೆಸರೂ ಇತ್ತು. ಆ ಹೆಸರಿನ ಹೆಣ್ಣು ನಮ್ಮ ಮನೆಯಲ್ಲಿ ಹುಟ್ಟಿದ್ದೇ ಯಾರಿಗೂ ಗೊತ್ತಿಲ್ಲ! ತಾತನಿಗೆ ಆಗ ಐದು ವರ್ಷ. ಮುತ್ತಜ್ಜನ ಅಕ್ಕತಂಗಿಯರೆಲ್ಲ ಅಷ್ಟರಲ್ಲಿ ಗಂಡನ ಮನೆ ಸೇರಿದ್ದರು. ಹಾಗಾದರೆ 1927ರಲ್ಲಿ ನಮ್ಮ ಚಪ್ಪರದ ಕೆಳಗೆ ಮದುವೆಯಾದವಳು ಯಾರು? ಅದೂ ಅಲ್ಲದೆ, ಮುಯ್ಯಿ ಹಾಕಿದವರಲ್ಲಿ ಹೆಚ್ಚಿನವರು ಚಿಕ್ಕನಾಯಕನಹಳ್ಳಿ ಕಡೆಯ ಒಂದೇ ಊರಿನವರು. ಆ ಊರಿಗೆ ನಾವು ಹೆಣ್ಣು ಕೊಟ್ಟದ್ದೂ ಇಲ್ಲ, ತಂದದ್ದೂ ಇಲ್ಲ ಎಂದು ಮನೆಯ ಹಿರಿಯರು ಖಂಡಿತವಾಗಿ ಹೇಳಿದರು. ಖಂಡಿತವಾಗಿ ಹೇಳಿದ ರೀತಿ ಕೊಂಚ ಜಾಸ್ತಿಯೇ ಆಯಿತು.

ಅಲ್ಲಿಂದ ಸಬ್ ರಿಜಿಸ್ಟ್ರಾರ್ ಕಚೇರಿ. ಕಳೆದ ಶತಮಾನದ ಮೊದಲ ಭಾಗದಲ್ಲಿ ನೋಂದಣಿಯಾದ ಪತ್ರಗಳನ್ನು ದಪ್ಪ ಸಂಪುಟಗಳಲ್ಲಿ ಕೈಯಿಂದ ನಕಲು ಮಾಡಿ ಇಟ್ಟಿರುತ್ತಾರೆ. ಹುಡುಕಲು ಎರಡು ಸೂಚಿ. ಒಂದು ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನ ಮೇಲೆ, ಇನ್ನೊಂದು ಊರು ಮತ್ತು ಸ್ವತ್ತಿನ ಮೇಲೆ. ಎಲ್ಲರೂ ಮೊದಲನೆಯದರಲ್ಲಿ ತಮ್ಮ ತಾತನ ಹೆಸರು ಹುಡುಕಿ ಸುಸ್ತಾಗುತ್ತಾರೆ. ನನ್ನ ಅನುಭವದಲ್ಲಿ ಎರಡನೆಯದೇ ಲೇಸು. ಮನುಷ್ಯರ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆಯಬಹುದು, ಸರ್ವೆ ನಂಬರು ಒಂದೇ ಬಗೆ.

1927ರ ವೈಶಾಖದಲ್ಲೇ ಕೆರೆ ಹಿಂದಿನ ಹೊಲದ ಒಂದು ಭಾಗ ಮಾರಾಟವಾದ ಕ್ರಯಪತ್ರ ಸಿಕ್ಕಿತು. ಮಾರಿದವರು ಮುತ್ತಜ್ಜ ಅಲ್ಲ, ಮುತ್ತಜ್ಜಿ. ಕೋಂ ಎಂದು ಮುತ್ತಜ್ಜನ ಹೆಸರು, ವಯಸ್ಸು ಸುಮಾರು 35, ಎಡಗೈ ಹೆಬ್ಬೆಟ್ಟಿನ ಗುರುತು. ತವರಿನವರು ಅರಿಸಿನ ಕುಂಕುಮಕ್ಕೆಂದು ತನಗೆ ಕೊಟ್ಟ ಭೂಮಿ ಇದು ಎಂದು ಅದರಲ್ಲಿ ಬರೆಸಿದ್ದಾರೆ. ಮುತ್ತಜ್ಜನೂ ಆ ಪತ್ರದಲ್ಲಿ ಇದ್ದಾರೆ, ಆದರೆ ಕೊನೆಯಲ್ಲಿ, ಸಾಕ್ಷಿಯಾಗಿ. ನಮ್ಮ ಮನೆಯಲ್ಲಿ ಎಂಬತ್ತು ವರ್ಷ ಹೇಳಿಕೊಂಡು ಬಂದ 'ಮುತ್ತಜ್ಜ ಬೆವರು ಸುರಿಸಿ ಕೊಂಡ ಹೊಲ' ಎಂಬ ಕಥೆ ಆ ಸಾಕ್ಷಿ ರುಜುವಿನಲ್ಲೇ ಮುಗಿಯಿತು. ಮುತ್ತಜ್ಜ ಬೆವರು ಸುರಿಸಿದ್ದು ನಿಜ. ಅವರು ಉತ್ತದ್ದು ಹೆಂಡತಿಯ ಹೊಲವನ್ನು. ಉತ್ತವನ ಹೆಸರಿಗೆ ಹೊಲವನ್ನು ಬರೆದುಕೊಡುವುದು ನೆನಪಿಗೆ ತುಂಬ ಸಲೀಸು. ಅದಕ್ಕೆ ರಿಜಿಸ್ಟ್ರೇಷನ್ ಬೇಡ, ಸ್ಟಾಂಪು ಬೇಡ.

ಹೆಣ್ಣಿಗೆ ತನ್ನದೆಂಬ ಭೂಮಿ ಇರುವುದು ಆ ಕಾಲಕ್ಕೆ ಅಪರೂಪವಾದರೂ ಅಸಾಧ್ಯವಾಗಿರಲಿಲ್ಲ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಂಗಸರ ಹಕ್ಕುಗಳ ಕಾಯಿದೆ ಮಾಡಿ ಸ್ತ್ರೀಧನವನ್ನು ಸ್ಪಷ್ಟಪಡಿಸಿತು. ಬ್ರಿಟಿಷ್ ಇಂಡಿಯಾ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾಯಿದೆಗೆ ಬಂದದ್ದು 1937ರಲ್ಲಿ. ನಮ್ಮ ಪತ್ರ ಎರಡಕ್ಕೂ ಹಿಂದಿನದು. ಬರೆದದ್ದು ಊರ ಶ್ಯಾನುಭೋಗರು, ಕೊನೆಯಲ್ಲಿ ಅವರ ಬಿಕ್ಕಲಂ, ಅಂದರೆ ಪತ್ರ ಬರೆದವರ ರುಜು, ಇದೆ. ಹೊಲ ಮಾರುವ ಕಾರಣವಾಗಿ ಸಂಸಾರದ ಖರ್ಚು, ಕೈಸಾಲ ಎಂದು ಬರೆದಿದ್ದಾರೆ. ಇದನ್ನು ನಂಬಬೇಕಾಗಿಲ್ಲ. ಕುಟುಂಬದ ಆಸ್ತಿ ಮಾರಾಟ ಮುಂದೆ ಕೋರ್ಟಿನಲ್ಲಿ ಬಿದ್ದುಹೋಗಬಾರದೆಂದು ಪತ್ರ ಬರೆಯುವವರು ಅವಶ್ಯಕತೆಯ ಸಾಲೊಂದನ್ನು ಅಭ್ಯಾಸದಿಂದ ಸೇರಿಸುತ್ತಿದ್ದರು. ಹಳೆಯ ಕ್ರಯಪತ್ರ ಹತ್ತು ಓದಿದರೆ ಎಂಟರಲ್ಲಿ ಅದೇ ಸಂಸಾರ, ಅದೇ ಕೈಸಾಲ.

ನಾನು ಹುಡುಕುತ್ತಿದ್ದ ಇನ್ನೊಂದು ಉತ್ತರ ಸಿಕ್ಕಿದ್ದು ಪಕ್ಕದ ಹೊಲದ ಪತ್ರದಲ್ಲಿ. ಪ್ರತಿ ಕ್ರಯಪತ್ರದ ಕೊನೆಗೆ ಚೆಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಹಳ್ಳ. ಪಕ್ಕದ ಸರ್ವೆ ನಂಬರು 1916ರಲ್ಲಿ ಕೈ ಬದಲಾಗಿತ್ತು. ಅದರ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ನಮ್ಮ ಮುತ್ತಜ್ಜಿಯ ಹೊಲ ಎಂದಿದೆ. ಹೆಸರು ಅದೇ. ಕೋಂ ಮಾತ್ರ ಬೇರೆ, ನಾವು ಕೇಳಿರದ ಗಂಡಸಿನದು. ತನ್ನ ಹೊಲ ಮಾರಲು ಹೊರಟ ಪಕ್ಕದ ರೈತನಿಗೆ ಬೇಲಿಯಾಚೆಯ ಹೆಂಗಸಿನ ಗಂಡ ಯಾರೆಂದು ಸುಳ್ಳು ಬರೆಸಿ ಆಗಬೇಕಾದ್ದು ಏನೂ ಇಲ್ಲ. ಆದ್ದರಿಂದಲೇ ಆ ಒಂದು ಸಾಲು ನಮ್ಮ ಮನೆಯ ಎಲ್ಲ ಕಾಗದಕ್ಕಿಂತ, ಎಲ್ಲ ಬಾಯಿಗಿಂತ ನನಗೆ ಹೆಚ್ಚಿನದಾಯಿತು. ಹಿರಿಯರನ್ನು ಹುಡುಕುವವರಿಗೆ ನನಗೆ ಹೇಳಲಿರುವುದು ಹೆಚ್ಚುಕಡಿಮೆ ಇಷ್ಟೇ. ಯಾವುದೇ ದಾಖಲೆ ಕೈಗೆ ಬಂದಾಗ ಇದನ್ನು ಯಾರು ಯಾತಕ್ಕೆ ಉಳಿಸಿದರು ಎಂದು ಕೇಳಿಕೊಳ್ಳಿ. ನೆನಪನ್ನೂ ಅದೇ ಪ್ರಶ್ನೆಗೆ ಒಡ್ಡಿ. ಮುಚ್ಚಿಡಲು ಯಾರಿಗೂ ಕಾರಣವಿಲ್ಲದ ಕಡೆ, ಅಂದರೆ ಪಕ್ಕದವರ ಚೆಕ್ಕುಬಂದಿಯಲ್ಲಿ, ಮುಯ್ಯಿ ಪಟ್ಟಿಯಲ್ಲಿ, ಪಂಚಾಂಗದ ಅಂಚಿನ ಟಿಪ್ಪಣಿಯಲ್ಲಿ, ಎಡೆಯ ಎಲೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ.

ಇದನ್ನೆಲ್ಲ ಹೊತ್ತುಕೊಂಡು ನಮ್ಮ ಬಳಗದ ಒಬ್ಬ ಅಜ್ಜಿಯ ಮುಂದೆ ಕೂತೆ. ತೊಂಬತ್ತರ ಹತ್ತಿರದ ಹಿರಿಯಜೀವ. ಮೊದಲು, "ಯಾವ ಸರ್ವೆ ನಂಬರಪ್ಪ?" ಎಂದು ಕೇಳಿದರು. ವಂಶದ ವಿಚಾರ ಕೇಳಿಕೊಂಡು ಬಂದವನ ಹಿಂದೆ ವಕೀಲ ಇರುತ್ತಾನೆಂಬುದು ಅವರ ಅನುಭವ. ಹೊಲದ ಮಾತಲ್ಲ, ಮುತ್ತಜ್ಜಿಯ ಮೊದಲ ಗಂಡನ ಮಾತು ಎಂದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ, "ಸತ್ತೋರ ಸುದ್ದಿ ನಿಂಗ್ಯಾಕಪ್ಪ, ನಿನ್ನ ಮಕ್ಕಳಿಗೆ ಹೆಣ್ಣು ಗಂಡು ಹುಡುಕೋ ಕಾಲ" ಅಂದರು. ನಾನು ಕೇಳಿದ್ದಕ್ಕೆ ಅದರಲ್ಲೇ ಉತ್ತರವಿತ್ತು.

ಕೂಡಾವಳಿ. ಗಂಡ ಸತ್ತವಳನ್ನು ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಪದ್ಧತಿ ನಮ್ಮ ಕಡೆಯ ಅನೇಕ ಒಕ್ಕಲು ಜಾತಿಗಳಲ್ಲಿ ಇತ್ತು. ಕೆಲವು ಕಡೆ ಇದನ್ನೇ ಸೀರುಡಿಕೆ ಎನ್ನುತ್ತಾರೆ. ಮೇಲುಜಾತಿಯ ಸುಧಾರಕರು ವಿಧವಾವಿವಾಹಕ್ಕಾಗಿ ಭಾಷಣ ಮಾಡುವ ಕಾಲಕ್ಕೆ ಹಳ್ಳಿಗಳಲ್ಲಿ ಅದು ಸದ್ದಿಲ್ಲದೆ ನಡೆಯುತ್ತಿತ್ತು. ಆದರೆ ಮರ್ಯಾದೆ ಸಮವಿರಲಿಲ್ಲ. ಧಾರೆ ಇಲ್ಲ. ಕೂಡಾವಳಿಯಾದವಳು ಇನ್ನೊಬ್ಬರ ಮದುವೆಯ ಶಾಸ್ತ್ರಕ್ಕೆ ಕೈ ಹಾಕುವಂತಿಲ್ಲ. ಕೆಲವು ಜಾತಿಗಳಲ್ಲಿ ಅವರ ಮಕ್ಕಳದ್ದೇ ಬೇರೆ ಸಾಲು, ಧಾರೆಯ ಸಾಲಿನವರು ಅವರಿಗೆ ಹೆಣ್ಣು ಕೊಡಲು ಹಿಂದೆಗೆಯುತ್ತಿದ್ದರು. ಹಾಗಿದ್ದ ಮೇಲೆ ನಮ್ಮ ಹಿರಿಯರು ಬಾಯಿ ಕಟ್ಟಿಕೊಂಡದ್ದು ಸೋಗಲ್ಲ. ಮೊಮ್ಮಕ್ಕಳ ಮದುವೆಯ ಚಿಂತೆ. ಈ ಕಾರಣಕ್ಕೇ ಮುತ್ತಜ್ಜಿಯ ಮೊದಲ ಹತ್ತು ವರ್ಷದ ಸಂಸಾರವನ್ನು, ಅದರಲ್ಲಿ ಹುಟ್ಟಿದ ಮಗಳನ್ನು ಕಥೆಯಿಂದ ತೆಗೆದರು. ಮುಯ್ಯಿ ಪುಸ್ತಕವನ್ನು ಸುಡುವುದು ಮಾತ್ರ ಆಗಲಿಲ್ಲ, ಅದರಲ್ಲಿ ಹಿಂತಿರುಗಿಸಬೇಕಾದ ಸಾಲವಿತ್ತಲ್ಲ.

ಚಿಕ್ಕನಾಯಕನಹಳ್ಳಿ ಕಡೆಯ ಆ ಊರಿನಲ್ಲಿ ಮುಯ್ಯಿ ಪುಸ್ತಕದ ಹೆಸರುಗಳನ್ನು ಓದಿ ಹೇಳಿದಾಗ ಜನ ಬೆರಳು ತೋರಿಸಿದ್ದು ಒಂದು ಹಳೆಯ ತೊಟ್ಟಿ ಮನೆಗೆ. ಅಲ್ಲಿದ್ದ ಹಿರಿಯ ಹೆಂಗಸು 1927ರ ಮದುವಣಗಿತ್ತಿಯ ಮಗಳು.

ಲೆಕ್ಕ ಹಾಕಿದರೆ ನನ್ನ ತಂದೆಗೆ ಅತ್ತೆಯ ಮಗಳು, ನನಗೆ ದೊಡ್ಡಮ್ಮ. ಅಂಥ ನೆಂಟಸ್ತಿಕೆ ಒಂದಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಮಗಳ ಕಡೆಯವರಿಗೆ ಮುಚ್ಚಿಡಲು ಏನೂ ಇರಲಿಲ್ಲ. ಮೊದಲ ಗಂಡ ತೀರಿಕೊಂಡದ್ದು ಇನ್‌ಫ್ಲುಯೆಂಜಾ ವರ್ಷದಲ್ಲಿ, ಕಾಳಯುಕ್ತಿ ಸಂವತ್ಸರದ ದಸರೆ ಕಳೆದ ಮೇಲೆ ಎಂದರು. 1918ರ ಆ ಜ್ವರ ಅತಿ ಕೆಟ್ಟದಾಗಿದ್ದ ತಿಂಗಳುಗಳು ಅವೇ. ಗೂಟಕ್ಕೆ ಕಟ್ಟಿದ ಮಾತೇ ಇದೂ ಎಂದು ನೀವು ಕೇಳಬಹುದು. ಇಲ್ಲಿ ಲೆಕ್ಕ ಕೂಡುತ್ತದೆ. 1916ರಲ್ಲಿ ಆತನ ಹೆಂಡತಿ, 1922ರಲ್ಲಿ ಬೇರೆ ಮನೆಯಲ್ಲಿ ಮಗ. ಆರೇಳು ವರ್ಷದ ಮಗಳನ್ನು ಕಟ್ಟಿಕೊಂಡು ಮುತ್ತಜ್ಜಿ ತವರಿಗೆ ಬಂದರು. ತವರೂರಿನವರೇ ಆದ ನಮ್ಮ ಮುತ್ತಜ್ಜ ಕೂಡಾವಳಿ ಮಾಡಿಕೊಂಡರು. ಮಗಳು ದೊಡ್ಡವಳಾದಾಗ ಸತ್ತ ಗಂಡನ ಅಕ್ಕನೇ ಬಂದು ತನ್ನ ಮಗನಿಗೆ ತೆಗೆದುಕೊಂಡಳು. ಹೀಗೆ ಮಗಳು ತಂದೆಯ ಊರಿಗೆ ಸೊಸೆಯಾಗಿ ಹಿಂತಿರುಗಿದಳು.

ಹೊಲ ಮಾರಿದ್ದೇಕೆ ಎಂದು ಕೇಳಿದೆ. ಕೈಸಾಲಕ್ಕೆಂದು ಪತ್ರದಲ್ಲಿರುವುದನ್ನು ಹೇಳಿದರೆ ದೊಡ್ಡಮ್ಮ ನಕ್ಕುಬಿಟ್ಟರು. "ನಮ್ಮವ್ವನ ಮದ್ವೆಗೆ ಕಣಪ್ಪ. ಅಪ್ಪ ಇಲ್ಲದ ಮಗಳು ಬರೀ ಕಿವೀಲಿ ಹೋಗಬಾರದು ಅಂತ ಓಲೆ ಮಾಡ್ಸಿದ್ಲು." ಪತ್ರದ ತಿಂಗಳು, ಮುಯ್ಯಿ ಪುಸ್ತಕದ ತಿಂಗಳು ಎರಡೂ ಪ್ರಭವದ ವೈಶಾಖ. ಶ್ಯಾನುಭೋಗರ ಬಿಕ್ಕಲಮ್ಮಿಗಿಂತ ದೊಡ್ಡಮ್ಮನ ಮಾತನ್ನೇ ನಾನು ಇಲ್ಲಿ ಸಾಕ್ಷ್ಯವೆಂದು ಹಿಡಿಯುತ್ತೇನೆ.

ಒಂದು ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೂ ಜಗಳವಿದೆ. ಮುಯ್ಯಿ ಪುಸ್ತಕದ ಮೊದಲ ಸಾಲಿನಲ್ಲಿ ಮುತ್ತಜ್ಜನ ಹೆಸರೇ ಇದೆ, ಐದು ರೂಪಾಯಿ. ತನ್ನ ಮನೆಯ ಮದುವೆಗೆ ಯಜಮಾನ ಮುಯ್ಯಿ ಹಾಕುವುದುಂಟೆ? ನಮ್ಮ ಚಿಕ್ಕಪ್ಪ ಇದನ್ನು ಜಿಪುಣತನ ಎನ್ನುತ್ತಾರೆ. ಹೆಂಡತಿಯ ಹೊಲ ಮಾರಿಸಿ ಮದುವೆ ಮಾಡಿಸಿ, ತಾನು ನೆಂಟನ ಹಾಗೆ ಐದು ರೂಪಾಯಿ ಕೊಟ್ಟು ಕೈತೊಳೆದುಕೊಂಡ ಎಂದು. ತೊಟ್ಟಿ ಮನೆಯ ದೊಡ್ಡಮ್ಮ ಬೇರೆ ಹೇಳುತ್ತಾರೆ: ಅದು ಅವ್ವನ ಮದುವೆ, ಅಜ್ಜಿಯ ಖರ್ಚು, ಅದರ ಯಜಮಾನಿಕೆ ತನ್ನದಲ್ಲವೆಂದು ಆತ ಎಲ್ಲರ ಎದುರು ಒಪ್ಪಿಕೊಂಡದ್ದು ಹಾಗೆ. ನಾನು ದೊಡ್ಡಮ್ಮನ ಕಡೆ. ಉಳಿದವರೆಲ್ಲ ನಾಲ್ಕಾಣೆ, ಎಂಟಾಣೆ, ಹೆಚ್ಚೆಂದರೆ ಒಂದು ರೂಪಾಯಿ, ಕುಬುಸದ ಕಣ, ಸೇರು ಅಕ್ಕಿ, ಕೊಬ್ಬರಿ ಗಿಟುಕು ಬರೆಸಿದ್ದಾರೆ. ಆ ಪುಸ್ತಕದಲ್ಲಿ ಐದು ರೂಪಾಯಿಗೆ ಹತ್ತಿರ ಬರುವ ಇನ್ನೊಂದು ಮುಯ್ಯಿ ಇಲ್ಲ.